ತಲೆಪಾಲು ಕೊಡದ ಆಯಿ

ಹೋದ ತಿಂಗಳು ನಮ್ಮೂರ ಸಾಲೆಯ ಹೊಸ ಕಟ್ಟಡದ ಸಮಾರಂಭದಲ್ಲಿ ಭಾಷಣಕ್ಕೆ ನಿಂತವರೊಬ್ಬರು ಊರಿನ ಹಳೆಯ ವೈಭವವನ್ನು ಬಣ್ಣಿಸುತ್ತ ಒಂದು ಮಾತು ಹೇಳಿದರು. ಸಂಸ್ಥಾನದ ಕಾಲದಲ್ಲಿ ಇಲ್ಲಿಯ ಇನಾಮದಾರರು ಎಂಥ ಉದಾರಿಗಳೆಂದರೆ, ಕುರಿಗಾರರು ತಲೆತಲಾಂತರದಿಂದ ಕೊಡುತ್ತ ಬಂದಿದ್ದ ತಲೆಪಾಲನ್ನು ತಾವಾಗಿಯೇ ಮಾಫಿ ಮಾಡಿದರಂತೆ. ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಪಕ್ಕದಲ್ಲಿದ್ದ ಮೊಮ್ಮಗಳು ಯಾಕಜ್ಜಿ ಎಂದು ಕೇಳಿದಳು. ಮಂಡಿ ನೋಯುತ್ತಿದೆ ಎಂದು ಹೇಳಿ ಎದ್ದು ಬಂದೆ. ಚಪ್ಪಾಳೆಗೂ ಮಂಡಿಗೂ ಏನು ಸಂಬಂಧ ಎಂದು ಅವಳು ಇನ್ನೂ ಕೇಳುತ್ತಿದ್ದಾಳೆ. ಅವಳಿಗೆ ಉತ್ತರ ಕೊಡುವುದಕ್ಕಾಗಿಯೇ ಇದನ್ನು ಬರೆಯಲು ಕುಳಿತಿದ್ದೇನೆ.

ಮೊದಲು ತಲೆಪಾಲು ಎಂದರೇನು ಎಂದು ಹೇಳಬೇಕು. ಲೋಕಾಪುರದಿಂದ ಮುಧೋಳದ ಹಾದಿ ಹಿಡಿದರೆ ನಮ್ಮೂರ ಹಿಂದೆ ಒಂದು ಮಡ್ಡಿ ಕಾಣುತ್ತದೆ. ಕಲ್ಲು, ಕುರುಚಲು ಗಿಡ, ಮಳೆಗಾಲ ಬಂದರೆ ಗೇಣುದ್ದ ಹುಲ್ಲು. ಊರಿನ ಕುರಿಗಳೆಲ್ಲ ಮೇಯುತ್ತಿದ್ದದ್ದು ಅಲ್ಲಿಯೇ, ಮತ್ತು ಆ ಮಡ್ಡಿ ಇನಾಮದಾರರದಾಗಿತ್ತು. ಅವರ ವಾಡೆಯಲ್ಲಿ, ಅಂದರೆ ಊರ ನಡುವಿನ ದೊಡ್ಡ ಮನೆಯಲ್ಲಿ, ಬೇಟೆನಾಯಿಗಳಿದ್ದವು. ಉದ್ದ ಮೂತಿ, ಬೆನ್ನಿಗೆ ಹತ್ತಿದ ಹೊಟ್ಟೆ, ಬಿಟ್ಟರೆ ಮೊಲವನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವಂಥವು. ಮಡ್ಡಿಯಲ್ಲಿ ಮೇಯುವ ಯಾವ ಕುರಿ ಸತ್ತರೂ, ಯಾವ ಕುರಿಯನ್ನು ಕೊಯ್ದರೂ ಅದರ ತಲೆ ಆ ನಾಯಿಗಳ ಪಾಲು. ಅದೂ ಹಸಿಯಾಗಿಯೇ ಕೊಡಬೇಕು. ಬೇಯಿಸಿದ್ದು ತಿಂದರೆ ನಾಯಿಯ ಕಸುವು ಹೋಗುತ್ತದೆ ಎಂದು ವಾಡೆಯವರ ನಂಬಿಕೆ.

ಕುರಿಗಾರರೂ ಇದಕ್ಕೆ ಗೊಣಗುತ್ತಿರಲಿಲ್ಲ, ಏಕೆಂದರೆ ಅವರದೂ ಒಂದು ನಂಬಿಕೆಯಿತ್ತು. ಆ ಕಡೆಯ ಕುರಿಗಳಿಗೆ ಗಿರಕಿ ಬ್ಯಾನಿ ಎಂದು ಒಂದು ಬೇನೆ ಬರುತ್ತಿತ್ತು. ಚೆನ್ನಾಗಿ ಮೇಯುತ್ತಿದ್ದ ಮರಿ ಒಂದು ದಿನ ತಲೆ ವಾರೆ ಮಾಡಿಕೊಂಡು ನಿಂತಲ್ಲೇ ಸುತ್ತತೊಡಗುತ್ತದೆ. ಗೋಡೆಗೆ ಹಣೆ ಹಚ್ಚಿ ನಿಲ್ಲುತ್ತದೆ. ಹುಲ್ಲು ಮೂತಿಯ ಮುಂದಿದ್ದರೂ ಕಾಣುವುದಿಲ್ಲ. ಕೆಲವು ವಾರ ಹೀಗೆ ಸುತ್ತಿ ಸುತ್ತಿ ಸಾಯುತ್ತದೆ, ಇಲ್ಲವೇ ಸಾಯುವ ಮೊದಲು ಯಜಮಾನನೇ ಕೊಯ್ಯುತ್ತಾನೆ. ಅಂಥ ಕುರಿಯ ತಲೆಯನ್ನು ನಾಯಿಗೆ ಹಾಕಿದರೆ ಬೇನೆ ನಾಯಿಯ ಬಾಯಿಗೆ ಹೋಗಿ ಅಲ್ಲಿಗೇ ಮುಗಿಯುತ್ತದೆ, ಬೇರೆ ಕುರಿಗೆ ಹತ್ತುವುದಿಲ್ಲ ಎಂದು ಅವರು ನಂಬಿದ್ದರು. ಹಾಗಾಗಿ ತಲೆ ವಾಡೆಗೂ ಹೋಗುತ್ತಿತ್ತು, ಸ್ವಂತದ ನಾಯಿಗೂ ಒಂದು ತುಂಡು ಬೀಳುತ್ತಿತ್ತು.

ಊರೆಲ್ಲ ಆಯಿ ಎನ್ನುತ್ತಿದ್ದ ಕುರಿಗಾರ ಮುದುಕಿ ನಮ್ಮ ಗೋಡೆಯಾಚೆಯವಳು. ಆಕೆಗೆ ಒಂದು ಹೆಸರಿತ್ತು, ಆದರೆ ಅದನ್ನು ಯಾರೂ ಕರೆಯುತ್ತಿರಲಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ. ನಾನು ಗಲಗಲಿಯಿಂದ ಈ ಊರಿನ ಸಾಲಿ ಮಾಸ್ತರರ ಹೆಂಡತಿಯಾಗಿ ಬಂದಾಗಲೇ ಆಕೆಯ ತಲೆ ಪೂರ್ತಿ ನೆರೆತಿತ್ತು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಇದ್ದದ್ದು ಕುರಿ, ಒಂದು ಕರಿಯ ನಾಯಿ, ಮತ್ತು ನಾಲಿಗೆ. ಮೂರನ್ನೂ ಆಕೆ ಚೆನ್ನಾಗಿ ಸಾಕಿದ್ದಳು.

ಬಂದ ಹೊಸತರಲ್ಲಿ ನನಗೆ ಕೃಷ್ಣೆಯ ನೆನಪಾಗಿ ಅಳು ಬರುತ್ತಿತ್ತು. ಹೊಳೆ ದಂಡೆಯಲ್ಲಿ ಬೆಳೆದವಳಿಗೆ ಈ ಮಡ್ಡಿಯ ಊರಿನಲ್ಲಿ ಕಣ್ಣು ಊರಲು ಎಲ್ಲೂ ಜಾಗವಿರಲಿಲ್ಲ. ಹಿತ್ತಲಲ್ಲಿ ಕುಳಿತು ಅಳುತ್ತಿದ್ದಾಗ ಗೋಡೆಯ ಮೇಲಿಂದ ಒಂದು ಬುಟ್ಟಿ ಉಣ್ಣೆ ನನ್ನ ಮಡಿಲಿಗೆ ಬಿತ್ತು. "ಅಳೂದಾದ್ರ ಅಳವ್ವಾ, ಕೈ ಯಾಕ ಖಾಲಿ ಇಟ್ಟಿ?" ಎಂದು ಆಯಿ ಕೇಳಿದಳು. ಉಣ್ಣೆ ಹಿಂಜುತ್ತಲೇ ಅಳುತ್ತಿದ್ದೆ. ಅರ್ಧ ಬುಟ್ಟಿ ಹಿಂಜುವಷ್ಟರಲ್ಲಿ ಅಳು ನಿಂತಿತು. ಉಳಿದ ಅರ್ಧವನ್ನೂ ಹಿಂಜಿಸಿಕೊಂಡೇ ಬಿಟ್ಟಳು. ನಮ್ಮ ಅತ್ತೆಗೆ ಇದು ಸರಿಬೀಳಲಿಲ್ಲ; ನಮ್ಮದು ಮಾಂಸ ಮುಟ್ಟದ ಮನೆ, ಕುರಿಯ ಕೂದಲು ಮಡಿಲಲ್ಲಿ ಇಟ್ಟುಕೊಂಡದ್ದಕ್ಕೆ ನನಗೆ ಬೈಗುಳ ಸಿಕ್ಕಿತು. ಆದರೂ ಗೋಡೆಯ ಆ ಜಾಗ ನನ್ನದಾಯಿತು.

ಆಕೆ ಎಂದೂ ಕಾಲಿಗೆ ಏನೂ ಹಾಕಲಿಲ್ಲ. ಮಡ್ಡಿಯ ಮುಳ್ಳು, ಬೇಸಗೆಯ ಕಾದ ಕಲ್ಲು, ಎಲ್ಲದರ ಮೇಲೂ ಬರಿಗಾಲು. ಬಡತನವಿರಬೇಕು ಎಂದು ನಾನು ನನ್ನ ಹಳೆಯ ಚಪ್ಪಲಿ ಕೊಡಲು ಹೋದೆ. ಆಗಿನ ಪದ್ಧತಿ ಈಗಿನ ಮಕ್ಕಳಿಗೆ ತಿಳಿದಿರಲಿಕ್ಕಿಲ್ಲ: ವಾಡೆಯ ಮುಂದೆ ಹಾದುಹೋಗುವ ರೈತರೂ ಕುರಿಗಾರರೂ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳಬೇಕು. ಆಯಿ ನನ್ನ ಚಪ್ಪಲಿಯನ್ನು ಹಿಂದಕ್ಕೆ ತಳ್ಳಿ, "ತಗೀ ಅನ್ನಾಕ ಅವರಿಗಿ ನನ್ನ ಕಾಲಾಗ ಏನರ ಇರಬೇಕಲ್ಲ?" ಎಂದಳು. ಹುಡುಗಿಯಾಗಿದ್ದಾಗ ಒಮ್ಮೆ ತೆಗೆಸಿದ್ದರಂತೆ. ಅಂದಿನಿಂದ ಹಾಕುವುದನ್ನೇ ಬಿಟ್ಟಳಂತೆ.

ಇನ್ನೊಂದು ಚಾಳಿ. ಯಾರಾದರೂ "ಮೊದಲಿಂದ ಹಂಗ ಐತಿ" ಎಂದರೆ ಸಾಕು, ಆಕೆಯ ಕೈಯಲ್ಲಿ ಉಣ್ಣೆ ನೂಲುವ ಕದಿರು ನಿಲ್ಲುತ್ತಿತ್ತು. ನಡೆಯುವಾಗ, ನಿಂತಾಗ, ಜಗಳವಾಡುವಾಗ ಕೂಡ ತಿರುಗುತ್ತಿದ್ದ ಕದಿರು ಅದು. "ಮೊದಲಂದ್ರ ಯಾವಾಗ? ನೀ ನೋಡೀಯೇನು?" ಎಂದು ಕೇಳುತ್ತಿದ್ದಳು. ಇದಕ್ಕೆ ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ. ನಮ್ಮವರು, ಅಂದರೆ ನನ್ನ ಯಜಮಾನರು, ಒಮ್ಮೆ ಇತಿಹಾಸದ ಪುಸ್ತಕ ತಂದು ಏನೋ ಹೇಳಲು ಹೋದರು. ಪುಸ್ತಕ ಬರೆದವನು ನೋಡಿದ್ದನೇನು ಎಂದು ಕೇಳಿ ಅವರ ಬಾಯಿ ಮುಚ್ಚಿಸಿದಳು.

ಇಂಥ ಆಯಿಯೂ ಗಿರಕಿ ಬೇನೆಯ ವಿಷಯದಲ್ಲಿ ಮಾತ್ರ ಎಲ್ಲರಂತೆಯೇ ಇದ್ದಳು. ತಲೆಯನ್ನು ವಾಡೆಗೆ ಕಳಿಸುವ ಮೊದಲು ಒಂದಿಷ್ಟು ತೆಗೆದು ತನ್ನ ಕರಿಯ ನಾಯಿಗೆ ಕೈಯಾರೆ ತಿನ್ನಿಸುತ್ತಿದ್ದಳು. ಬೇನೆ ಹೋಗಲೆಂದು, ಮತ್ತು ನಾಯಿಯ ಮೇಲಿನ ಅಕ್ಕರೆಯಿಂದ. ಆದರೂ ವರ್ಷ ವರ್ಷ ಆಕೆಯ ಮಂದೆಯಲ್ಲಿ ಸುತ್ತುವ ಕುರಿಗಳು ಹೆಚ್ಚುತ್ತಿದ್ದವು. ಇನ್ನೆರಡು ಮಳೆಗಾಲ ಹೀಗೇ ಕಳೆದರೆ ತಾನು ಕುರಿ ಇಲ್ಲದ ಮುದುಕಿಯಾಗುತ್ತೇನೆ ಎಂದು ಒಂದು ಸಂಜೆ ನನ್ನ ಮುಂದೆ ಹೇಳಿದಳು. ಆ ದನಿಯಲ್ಲಿ ಅಂಜಿಕೆ ಇತ್ತು. ನಾನು ಆಕೆಯಲ್ಲಿ ಅಂಜಿಕೆ ಕಂಡದ್ದು ಅದೊಂದೇ ಸಲ.

ಆ ವರ್ಷ ಪೇಟೆಯ ದನದ ದವಾಖಾನೆಯ ಡಾಕ್ಟರು ಎತ್ತುಗಳಿಗೆ ಚುಚ್ಚುಮದ್ದು ಹಾಕಲು ನಮ್ಮೂರಿಗೆ ಬಂದರು. ಸೈಕಲ್ಲು, ಬಿಳಿ ಟೋಪಿ, ಮಾತಿಗೊಮ್ಮೆ ಕೆಮ್ಮು. ಬಹಳ ಸಂಭಾವಿತ ಮನುಷ್ಯ. ಆಯಿ ಅವರ ಸೈಕಲ್ಲಿನ ಹಿಡಿಕೆ ಹಿಡಿದು ಸೀದಾ ತನ್ನ ಅಂಗಳಕ್ಕೆ ಕರೆತಂದಳು. ಅಲ್ಲಿ ಆ ಬೆಳಿಗ್ಗೆ ಸತ್ತ ಹೆಣ್ಣುಮರಿಯೊಂದು ಬಿದ್ದಿತ್ತು. ಯಾಕೆ ಸತ್ತಿತು ಹೇಳಿ ಎಂದಳು.

ಡಾಕ್ಟರು ಚೀಲದಿಂದ ಸಣ್ಣ ಗರಗಸ ತೆಗೆದರು. ನಾನು ಗೋಡೆಯ ಮೇಲಿಂದ ಮೂಗಿಗೆ ಸೆರಗು ಹಿಡಿದು ನೋಡುತ್ತಿದ್ದೆ. ಅತ್ತೆ ಒಳಗಿನಿಂದ ಕೂಗುತ್ತಲೇ ಇದ್ದರು. ಕೊಯ್ಯುವ ಮೊದಲು ಡಾಕ್ಟರು ಆಯಿಯ ಬೆರಳನ್ನು ಹಿಡಿದು ಮರಿಯ ತಲೆಬುರುಡೆಯ ಒಂದು ಕಡೆ ಒತ್ತಿಸಿದರು. ಅಲ್ಲಿ ಎಲುಬು ಒಣಗಿದ ಸೋರೆಬುರುಡೆಯಷ್ಟು ತೆಳ್ಳಗಾಗಿತ್ತು, ಒತ್ತಿದರೆ ಒಳಗೆ ಹೋಗುತ್ತಿತ್ತು. ಆಮೇಲೆ ಬುರುಡೆಯನ್ನು ಬಿಡಿಸಿ, ಒಳಗಿನಿಂದ ಒಂದು ಗುಳ್ಳೆಯನ್ನು ಒಡೆಯದಂತೆ ಹೊರಗೆ ತೆಗೆದು ಅಂಗೈಯ ಮೇಲೆ ಇಟ್ಟುಕೊಂಡರು. ದೊಡ್ಡ ಲಿಂಬೆಕಾಯಿಯಷ್ಟಿತ್ತು. ಪೊರೆ ಎಷ್ಟು ತೆಳುವೆಂದರೆ ಒಳಗಿನ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಒಳಮೈಗೆ ಅಲ್ಲಲ್ಲಿ ಅಕ್ಕಿನುಚ್ಚಿನಂಥ ಬಿಳಿಯ ಚುಕ್ಕಿಗಳು ಅಂಟಿಕೊಂಡಿದ್ದವು. ಗುಳ್ಳೆ ಇದ್ದ ಜಾಗದಲ್ಲಿ ಮಿದುಳು ಇರಲಿಲ್ಲ. ಅದು ಪಕ್ಕಕ್ಕೆ ಸರಿದು, ಬಟ್ಟಲಿನಂಥ ಒಂದು ನುಣ್ಣನೆಯ ಟೊಳ್ಳು ಉಳಿದಿತ್ತು. ಜೀವಂತ ತಲೆಯೊಳಗೆ ಅಷ್ಟು ದೊಡ್ಡ ಖಾಲಿ ಜಾಗ ಆಗಬಹುದೆಂದು ನನಗೆ ಗೊತ್ತಿರಲಿಲ್ಲ.

ಡಾಕ್ಟರು ಸಮಾಧಾನವಾಗಿ ವಿವರಿಸಿದರು. ಇದು ಹೊರಗಿನಿಂದ ತುಂಬಿದ ನೀರಲ್ಲ, ಇದೊಂದು ಜೀವ. ಸಾಸಿವೆಗಿಂತ ಸಣ್ಣ ತತ್ತಿಯಾಗಿ ಹುಲ್ಲಿನ ಜೊತೆ ಕುರಿಯ ಹೊಟ್ಟೆಗೆ ಹೋಗುತ್ತದೆ, ರಕ್ತದಲ್ಲಿ ತೇಲಿ ತಲೆಗೇರುತ್ತದೆ, ಅಲ್ಲಿ ಕುಳಿತು ಕುರಿಯ ಮೈಯ ನೀರನ್ನೇ ಹನಿಹನಿಯಾಗಿ ಒಳಗೆಳೆದುಕೊಂಡು ಉಬ್ಬುತ್ತ ಹೋಗುತ್ತದೆ. ಅದು ಉಬ್ಬಿದಷ್ಟೂ ಮಿದುಳು ಜಾಗ ಬಿಡಬೇಕು. ಗುಳ್ಳೆ ಯಾವ ಕಡೆಗಿದೆಯೋ ಆ ಕಡೆಗೆ ಕುರಿ ಸುತ್ತುತ್ತದೆ.

ಆಯಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು. "ಇದರ ಅವ್ವ ಎಲ್ಲಿರತಾಳ್ರಿ?"

ಡಾಕ್ಟರು ಕೆಮ್ಮಿದರು. "ನಾಯಿ ಹೊಟ್ಟ್ಯಾಗ," ಎಂದರು.

ಕರಿಯ ನಾಯಿ ಅಲ್ಲೇ ಬಾಗಿಲಲ್ಲಿ ಬಾಲ ಅಲ್ಲಾಡಿಸುತ್ತ ತನ್ನ ಪಾಲಿಗಾಗಿ ಕಾಯುತ್ತಿತ್ತು. ಈ ಬಿಳಿಯ ಚುಕ್ಕಿಗಳಲ್ಲಿ ಒಂದೊಂದೂ ನಾಯಿಯ ಹೊಟ್ಟೆಯಲ್ಲಿ ಒಂದೊಂದು ಲಾಡಿಹುಳುವಾಗಿ ಬೆಳೆಯುತ್ತದೆ, ಆ ಹುಳುವಿನ ತತ್ತಿ ನಾಯಿಯ ಹೇಲಿನ ಜೊತೆ ಮಡ್ಡಿಯ ಹುಲ್ಲಿಗೆ ಬೀಳುತ್ತದೆ, ಅದನ್ನೇ ಮತ್ತೆ ಕುರಿ ಮೇಯುತ್ತದೆ ಎಂದು ಡಾಕ್ಟರು ಹೇಳಿದರು. ನಾಯಿಗೆ ಇದರಿಂದ ಹೆಚ್ಚೇನೂ ಆಗುವುದಿಲ್ಲ. ಒಂದು ದಿನ ಉಪವಾಸ ಕೆಡವಿ ಅಡಿಕೆಯ ಪುಡಿ ಕೊಟ್ಟರೆ ಹುಳು ಹೊರಗೆ ಬೀಳುತ್ತದೆ ಎಂದೂ ಹೇಳಿಹೋದರು.

ಆಯಿ ಅವರ ಮಾತನ್ನೂ ನಂಬಿಬಿಡಲಿಲ್ಲ. ನಾಯಿಯನ್ನು ಕಟ್ಟಿ, ಉಪವಾಸ ಕೆಡವಿ, ಅಡಿಕೆ ಕುಟ್ಟಿ ಬೆಲ್ಲದಲ್ಲಿ ಕಲಸಿ ತಿನ್ನಿಸಿದಳು. ಅಡಿಕೆ ನಮ್ಮ ಅತ್ತೆಯ ಡಬ್ಬಿಯದು, ನಾನೇ ಗೋಡೆಯ ಮೇಲಿಂದ ದಾಟಿಸಿದ್ದು. ಮಧ್ಯಾಹ್ನದ ಹೊತ್ತಿಗೆ ನಾಯಿಯ ಹೊಟ್ಟೆಯಿಂದ ಬಿದ್ದದ್ದನ್ನು ಆಕೆ ಕಡ್ಡಿಯಿಂದ ಎತ್ತಿ ನನಗೂ ತೋರಿಸಿದಳು. ಬಿಳಿಯ ಲಾಡಿಯಂತೆ ಉದ್ದುದ್ದ ಇತ್ತು, ಇನ್ನೂ ಹರಿದಾಡುತ್ತಿತ್ತು. ಆಕೆ ಅದನ್ನು ಬೆಂಕಿಗೆ ಹಾಕಿ ಹೊಸ್ತಿಲ ಮೇಲೆ ಕುಳಿತಳು. ಕದಿರು ಪಕ್ಕದಲ್ಲಿ ಬಿದ್ದಿತ್ತು.

"ಕೈಯಾರೆ ತಿನಿಸೇನಿ," ಎಂದಳು. "ನನ್ನ ಕುರಿ ನಾನ ಕೊಂದೇನಿ."

ಸಮಾಧಾನ ಹೇಳಿಸಿಕೊಳ್ಳುವವಳು ಆಕೆಯಲ್ಲ. ಎದ್ದು ಹಾರೆ ತೆಗೆದುಕೊಂಡು ಹೋಗಿ, ಆ ಮರಿಯ ತಲೆಯನ್ನು ಹಿತ್ತಲಲ್ಲಿ ಆಳವಾಗಿ ಹೂಳಿ ಮೇಲೆ ಕಲ್ಲು ಹೇರಿದಳು.

ತಲೆ ಕೇಳಿಕೊಂಡು ವಾಡೆಯ ಓಲೆಕಾರ ಬಂದ. ನಾಯಿಗಳನ್ನು ನೋಡಿಕೊಳ್ಳುವವನೂ ಅವನೇ, ತಲೆ ಒಯ್ಯುವವನೂ ಅವನೇ, ಊರಲ್ಲಿ ಡಂಗುರ ಹೊಡೆಯುವವನೂ ಅವನೇ. ತಲೆ ಹೂತಿದ್ದೇನೆ, ಇನ್ನು ಮೇಲೆ ನನ್ನ ಮನೆಯಿಂದ ತಲೆ ಬರುವುದಿಲ್ಲ ಎಂದು ಆಯಿ ಹೇಳಿ ಕಳಿಸಿದಳು. ಅವನು ಬಡಪಾಯಿ. ಇದನ್ನು ವಾಡೆಯಲ್ಲಿ ಯಾವ ಬಾಯಿಂದ ಹೇಳಲಿ ಎಂದು ನಮ್ಮ ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತಿದ್ದು ಹೋದ.

ಮರುದಿನ ವಾಡೆಯಿಂದ ಕರೆ ಬಂತು. ಅಲ್ಲಿ ನಡೆದದ್ದನ್ನು ನಾನು ನೋಡಲಿಲ್ಲ. ನಮ್ಮವರು ಸಾಲೆಯ ಯಾವುದೋ ಕೆಲಸಕ್ಕೆ ವಾಡೆಗೆ ಹೋಗಿದ್ದವರು ಅಲ್ಲೇ ಇದ್ದರು, ಅವರು ಹೇಳಿದ್ದನ್ನು ಬರೆಯುತ್ತಿದ್ದೇನೆ. ಇನಾಮದಾರರು ಕೂಗಾಡುವ ಮನುಷ್ಯರಲ್ಲ. ಮೆತ್ತಗೆ ಮಾತಾಡಿದರು, ಕುಳಿತುಕೋ ಎಂದರು. ಆಯಿ ನಿಂತೇ ಇದ್ದಳು. ಡಾಕ್ಟರನ್ನೂ ಕರೆಸಿದ್ದರು. ಈ ಮುದುಕಿ ಹೇಳುವುದು ನಿಜವೇ ಎಂದು ಇನಾಮದಾರರು ಕೇಳಿದರು. ಶಾಸ್ತ್ರದಲ್ಲಿ ಹಾಗೆ ಬರೆದಿದ್ದಾರೆ, ಆದರೆ ಈ ಊರಿನ ಮಟ್ಟಿಗೆ, ಈ ವಾಡೆಯ ನಾಯಿಗಳ ಮಟ್ಟಿಗೆ ಖಚಿತವಾಗಿ ಹೇಳಲು ಬರುವುದಿಲ್ಲ ಎಂದು ಡಾಕ್ಟರು ಕೆಮ್ಮುತ್ತ ಹೇಳಿ ಟೋಪಿ ನೋಡುತ್ತ ಕುಳಿತರು. ಸಂಸ್ಥಾನದ ಪಗಾರ ತಿನ್ನುವವರು, ಮನೆಯಲ್ಲಿ ಸಣ್ಣ ಮಕ್ಕಳು. ಅವರ ಮೇಲೆ ನನಗೆ ಆಗ ಬಂದ ಸಿಟ್ಟು ಈಗಿಲ್ಲ.

ಇನಾಮದಾರರು ಆಯಿಯ ಕಡೆಗೆ ತಿರುಗಿದರು. "ಒಂದು ತಲೀಗಾಗಿ ನಮ್ಮ ನಾಯಿ ಉಪವಾಸ ಕುಂತಿಲ್ಲ. ಮಾತು ತಲೀದಲ್ಲ, ರಿವಾಜಿಂದು. ಮೊದಲಿಂದ ಹಂಗ ಐತಿ," ಎಂದರು.

ಅವರಿಗೆ ಪಾಪ ಗೊತ್ತಿರಲಿಲ್ಲ, ಆ ಮಾತನ್ನು ಆಕೆಯ ಮುಂದೆ ಆಡಬಾರದೆಂದು. ಆದರೆ ಆಯಿ ಅಂದು ತನ್ನ ಎಂದಿನ ಪ್ರಶ್ನೆ ಕೇಳಲಿಲ್ಲ. "ರಿವಾಜಿನ ಹೊಟ್ಟ್ಯಾಗ ಲಾಡಿಹುಳ ಆಗೇತ್ರಿ, ಧಣ್ಯಾರ," ಎಂದಳು.

ವಾಡೆಯಲ್ಲಿ ಯಾರೂ ನಗಲಿಲ್ಲ. ನಮ್ಮವರು ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಎದ್ದು ಕಿಟಕಿಯನ್ನೂ ಹಾಕಿದರು.

ಮರುದಿನದಿಂದ ಆಯಿಯ ಕುರಿ ಮಡ್ಡಿ ಏರಬಾರದೆಂದು ಅಪ್ಪಣೆಯಾಯಿತು. ತಲೆ ಕೊಡದ ಯಾರಿಗೂ ಇದೇ ಗತಿ ಎಂದು ಉಳಿದ ಕುರಿಗಾರರಿಗೂ ಮಾತು ಮುಟ್ಟಿಸಿದರು. ಅಂದು ಸಂಜೆ ಎಲ್ಲರೂ ಆಕೆಯ ಅಂಗಳದಲ್ಲಿ ಸೇರಿದರು. ಒಂದು ತಲೆ ಎಸೆದರೆ ನಿನ್ನ ಗಂಟೇನು ಹೋಗುತ್ತದೆ ಎಂದು ಕೆಲವರು ಬೈದರು, ಕೆಲವರು ಕೈ ಮುಗಿದರು. ಆಯಿ ಯಾರನ್ನೂ ಒಪ್ಪಿಸಲು ಹೋಗಲಿಲ್ಲ. ಕೊಡುವವರು ಕೊಡಿ, ನಾನು ಅಡ್ಡ ಬರುವುದಿಲ್ಲ ಎಂದಳು. "ನನ್ನ ಕುರಿ ನಿಮ್ಮ ಕುರಿ ಸಂಗಾಟ ಮೇಯೂದಿಲ್ಲ, ಅಷ್ಟ," ಎಂದು ಸೇರಿಸಿದಳು.

ಎಲ್ಲರೂ ಹೋದ ಮೇಲೆ ಡಾಕ್ಟರು ಹಿತ್ತಲ ಬಾಗಿಲಿನಿಂದ ಬಂದರು. ಸೈಕಲ್ಲನ್ನು ಎಲ್ಲೋ ದೂರ ಬಿಟ್ಟು ಬಂದಿದ್ದರು. ನಾಯಿಗೆ ಕೊಡುವ ಪುಡಿಯ ಒಂದು ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು, ಟೋಪಿ ತೆಗೆದು ನಿಂತರು. ಆಯಿ ಅವರಿಗೆ ಕುರಿಯ ಹಾಲಿನ ಚಹ ಮಾಡಿ ಕೊಟ್ಟಳು. "ನೀವು ಹೇಳಿದ್ದು ಖರೆ ಐತ್ರಿ ಡಾಕ್ಟ್ರ. ಅಷ್ಟ ಸಾಕು. ಅದರ ಮ್ಯಾಲ ನಿಲ್ಲೂದು ನನ್ನ ಕೆಲಸ," ಎಂದಳು. ಅವರು ಚಹವನ್ನು ಅರ್ಧ ಕುಡಿದು ಎದ್ದು ಹೋದರು.

ಆದರೆ ಕುರಿ ಎಲ್ಲಿ ಮೇಯಬೇಕು? ಆಗ ನಾನು ಬಾಯಿ ಬಿಟ್ಟೆ. ಗಲಗಲಿಯಲ್ಲಿ ಹೊಳೆ ದಂಡೆಗೆ ನಮ್ಮಪ್ಪನ ಹೊಲವಿದೆ, ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ಕೂಡಿಸುವವರು ಅವನಿಗೆ ಬೇಕೇ ಬೇಕು, ನನ್ನ ಹೆಸರು ಹೇಳು ಎಂದೆ. ಅದು ಸಂಸ್ಥಾನದ ಗಡಿ ದಾಟಿ ಇಂಗ್ರೇಜಿ ಸರಕಾರದ ಹದ್ದಿನಲ್ಲಿತ್ತು. ವಾಡೆಯ ಮಾತು ಅಲ್ಲಿ ನಡೆಯುವುದಿಲ್ಲ. ಅತ್ತೆ ಒಳಗಿನಿಂದ ಪಾತ್ರೆ ಕುಕ್ಕಿದರು. ನಾನು ಕೇಳಿಸದವಳಂತೆ ನಿಂತೆ. ಮರುದಿನ ಬೆಳಿಗ್ಗೆ ಆಯಿ ಕಂಬಳಿ ಹೆಗಲಿಗೆ ಹಾಕಿ, ಸುತ್ತುತ್ತಿದ್ದ ಒಂದು ಮರಿಯನ್ನು ತೋಳಲ್ಲಿ ಎತ್ತಿಕೊಂಡು, ಮಂದೆಯ ಹಿಂದೆ ಬರಿಗಾಲಲ್ಲಿ ಹೊರಟುಹೋದಳು.

ಆಕೆ ಹೋದ ಮೇಲೆ, ತಿರುಗಿ ಬರಬಾರದೆಂದು, ಆಕೆಯ ಬಾಗಿಲಿಗೆ ವಾಡೆಯವರು ಜಾಲಿಮುಳ್ಳು ಬಡಿಸಿದರು. ನಾನು ಅದನ್ನು ಕಿತ್ತು ಒಲೆಗೆ ಹಾಕಿದೆ. ಮತ್ತೆ ಬಡಿಸಿದರು, ಮತ್ತೆ ಕಿತ್ತೆ. ಆ ಚಳಿಗಾಲ ನಮ್ಮ ಮನೆಯಲ್ಲಿ ಸೌದೆಗೆ ಕೊರತೆಯಾಗಲಿಲ್ಲ. ಸಾಲಿ ಮಾಸ್ತರರ ಹೆಂಡತಿ ಹೀಗೆ ಮಾಡಬಾರದೆಂದು ನಮ್ಮವರಿಗೆ ಹೇಳಿ ಕಳಿಸಿದರಂತೆ. ಅವರು ನನಗೆ ಅದನ್ನು ಹೇಳಿದ್ದು ಬಹಳ ವರ್ಷಗಳ ಮೇಲೆ.

ಗಲಗಲಿಯಿಂದ ಬಂದವರು ಸುದ್ದಿ ತರುತ್ತಿದ್ದರು. ಹೊಲದಲ್ಲಿ ಕಂಬಳಿಯ ಗುಡಾರ ಹಾಕಿಕೊಂಡಿದ್ದಾಳೆ, ನೆರೆ ಬಂದಾಗ ಮೇಲಕ್ಕೆ, ಇಳಿದಾಗ ಕೆಳಕ್ಕೆ ಸರಿಯುತ್ತಾಳೆ. ತೋಳಲ್ಲಿ ಒಯ್ದ ಮರಿ ಸತ್ತಿತು, ಅದರ ಹಿಂದೆ ಇನ್ನೂ ಕೆಲವು ಸತ್ತವು. ಸತ್ತ ಪ್ರತಿಯೊಂದರ ತಲೆಯನ್ನೂ ಹೂಳಿದಳು. ನಮ್ಮಪ್ಪನ ನಾಯಿಗಳಿಗೂ ಹಿಡಿದು ಹಿಡಿದು ಅಡಿಕೆಪುಡಿ ತಿನ್ನಿಸಿದಳಂತೆ. ಅಪ್ಪ ಇದನ್ನು ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದ. ಮಾರನೆಯ ವರ್ಷ ಆಕೆಯ ಮಂದೆಯಲ್ಲಿ ಒಂದು ಕುರಿಯೂ ಸುತ್ತಲಿಲ್ಲ ಎಂದು ಸುದ್ದಿ ಬಂತು. ನಮ್ಮೂರಲ್ಲಿ ಮಾತ್ರ ತಲೆಗಳು ತಪ್ಪದೆ ವಾಡೆಗೆ ಹೋಗುತ್ತಿದ್ದವು, ಕುರಿಗಳು ತಪ್ಪದೆ ಸುತ್ತುತ್ತಿದ್ದವು.

ಇನ್ನೊಂದು ಬೇಸಗೆ ಕಳೆದು ಮೊದಲ ಮಳೆ ಬಿದ್ದ ಮೇಲೆ ಆಯಿ ತಿರುಗಿ ಬಂದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಬೆಳಿಗ್ಗೆ ಎಲ್ಲರೂ ಕುರಿ ಬಿಡುವ ಹೊತ್ತಿಗೆ ತನ್ನ ಮಂದೆಯನ್ನು ಊರ ನಡುವಿನ ಹಾದಿಯಲ್ಲಿ, ವಾಡೆಯ ಎದುರಿನಿಂದಲೇ ಮಡ್ಡಿಗೆ ಹೊಡೆದುಕೊಂಡು ಹೋದಳು. ನಾನು ಕಟ್ಟೆಯ ಮೇಲೆ ನಿಂತು ನೋಡಿದೆ. ಮೈತುಂಬ ಉಣ್ಣೆ, ಎತ್ತಿದ ತಲೆ. ಎಲ್ಲ ಕುರಿಗಳೂ ಸೀದಾ ನಡೆಯುತ್ತಿದ್ದವು. ಹಾದಿಯ ಎರಡೂ ಬದಿಗೆ ಕುರಿಗಾರರು ತಮ್ಮ ಕುರಿಗಳನ್ನು ಹಿಡಿದು ನಿಂತಿದ್ದರು. ಅವುಗಳಲ್ಲಿ ಹಲವು ನಿಂತಲ್ಲೇ ಸುತ್ತುತ್ತಿದ್ದವು. ವಾಡೆಯ ಮಹಡಿಯಲ್ಲಿ ಇನಾಮದಾರರು ನಿಂತದ್ದನ್ನು ನಾನು ಕಂಡೆ. ಆಯಿ ಮೇಲೆ ನೋಡಲಿಲ್ಲ, ಕದಿರು ತಿರುಗಿಸುತ್ತ ಹಾದುಹೋದಳು. ತಡೆಯಲು ಓಡಿಬಂದ ಓಲೆಕಾರ ಕುರಿಗಳ ನಡುವೆ ನಿಂತು, ಒಂದೊಂದರ ಮುಖವನ್ನೂ ಹಿಡಿದು ನೋಡಿ, ಸುಮ್ಮನೆ ಪಕ್ಕಕ್ಕೆ ಸರಿದ. ಅವನ ಮನೆಯಲ್ಲೂ ಕುರಿಗಳಿದ್ದವು, ಅವೂ ಸುತ್ತುತ್ತಿದ್ದವು.

ಅಂದಿನಿಂದ ನಮ್ಮೂರಿನ ಹಿತ್ತಲುಗಳಲ್ಲಿ ಹಾರೆಯ ಸದ್ದು ಕೇಳತೊಡಗಿತು. ಯಾರೂ ಸಭೆ ಸೇರಲಿಲ್ಲ, ಯಾರೂ ಘೋಷಣೆ ಕೂಗಲಿಲ್ಲ. ಕುರಿ ಸತ್ತರೆ ತಲೆ ಮಣ್ಣಿಗೆ ಹೋಗುತ್ತಿತ್ತು, ಕೇಳಿದರೆ ನರಿ ಒಯ್ದಿತು ಎನ್ನುತ್ತಿದ್ದರು. ಒಬ್ಬ ಮುದುಕಿಗೆ ಮಡ್ಡಿ ಮುಚ್ಚಬಹುದು, ಊರಿಗೆ ಊರನ್ನೇ ಹೊರಗೆ ಹಾಕಿದರೆ ಮಡ್ಡಿಯ ಹುಲ್ಲು ತಿನ್ನುವವರು ಯಾರು? ಓಲೆಕಾರ ಖಾಲಿ ಬುಟ್ಟಿ ಹೊತ್ತು ತಿರುಗುತ್ತಿದ್ದ. ವಾಡೆಯ ನಾಯಿಗಳಿಗೆ ಅಡಿಕೆಪುಡಿ ಹಾಕಿದವನೂ ಅವನೇ ಎಂದು ಆಮೇಲೆ ತಿಳಿಯಿತು. ಪುಡಿ ಎಲ್ಲಿಂದ ಬಂತೆಂದು ಕೇಳಿದಾಗ ಡಾಕ್ಟರು ಕೆಮ್ಮಿದರು. ಆಯಿ ಒಮ್ಮೆ ಒಂದು ತಲೆಯನ್ನು, ಒಳಗಿನ ಹುಳು ಉಳಿಯದಂತೆ, ಮೂಳೆ ಬಿಡುವವರೆಗೆ ಬೇಯಿಸಿ, ತಾನೇ ಒಯ್ದು ಆ ನಾಯಿಗಳಿಗೆ ಹಾಕಿ ಬಂದಳು. ಪಾಲು ಎಂದಲ್ಲ, ಪಾಪ ನಾಯಿಗಳು ಏನು ಮಾಡಿಯಾವು ಎಂದು.

ಹೀಗೆ ಒಂದು ಮಳೆಗಾಲವೇ ಕಳೆದ ಮೇಲೆ ಒಂದು ಬೆಳಿಗ್ಗೆ ನಮ್ಮ ಓಣಿಯಲ್ಲಿ ಡಂಗುರದ ಸದ್ದಾಯಿತು. ಓಲೆಕಾರ ಆಯಿಯ ಬಾಗಿಲ ಮುಂದೆಯೇ ನಿಂತು, ಧಣಿಗಳು ದೊಡ್ಡ ಮನಸ್ಸು ಮಾಡಿ ಇಂದಿನಿಂದ ತಲೆಪಾಲನ್ನು ಮಾಫಿ ಮಾಡಿದ್ದಾರೆ ಎಂದು ಕೂಗಿದ. ಆಯಿ ಹೊರಗೆ ಬಂದಳು. ಕದಿರು ನಿಂತಿತು.

"ಮಾಫಿ ಅಲ್ಲೋ," ಎಂದಳು. "ನಾವು ಕೊಡೂದು ಬಿಟ್ಟು ಬಾಳ ದಿವಸ ಆತು. ಧಣ್ಯಾರಿಗಿ ಸುದ್ದಿ ಈಗ ಮುಟ್ಟೇತಿ. ಹಂಗ ಹೇಳು."

ಓಲೆಕಾರ ಆಕೆಯ ಮುಖ ನೋಡಿದ, ಗೋಡೆಯ ಬಳಿ ನಿಂತಿದ್ದ ನನ್ನ ಮುಖ ನೋಡಿದ, ಡಂಗುರವನ್ನು ಬಗಲಿಗೆ ಏರಿಸಿಕೊಂಡು ಮುಂದೆ ಹೋದ. ಆಕೆ ಸತ್ತದ್ದು ಸಂಸ್ಥಾನ ವಿಲೀನವಾದ ವರ್ಷ. ಆಕೆಯ ಫೋಟೋ ಇಲ್ಲ, ಕಲ್ಲು ಇಲ್ಲ, ಸಾಲೆಯ ಹೊಸ ಕಟ್ಟಡದ ಮೇಲೆ ಇರುವುದು ಬೇರೆಯವರ ಹೆಸರು. ಆದರೆ ಆ ಬೆಳಿಗ್ಗೆ ಮುಂದಿನ ಓಣಿಯಿಂದ ಓಲೆಕಾರನ ದನಿ ಮತ್ತೆ ಕೇಳಿಸಿದ್ದು ನನಗೆ ಇನ್ನೂ ಕಿವಿಯಲ್ಲಿದೆ. ಅದರಲ್ಲಿ ಧಣಿಗಳು ಇರಲಿಲ್ಲ, ದೊಡ್ಡ ಮನಸ್ಸು ಇರಲಿಲ್ಲ, ಮಾಫಿಯೂ ಇರಲಿಲ್ಲ. "ತಲಿಪಾಲು ನಿಂತೈತ್ರಪ್ಪೋ," ಎಂದಷ್ಟೇ ಕೂಗುತ್ತ ಹೋದ.

ಸಾಲೆಯ ಸಮಾರಂಭದ ಭಾಷಣಕಾರರು ಆ ಓಣಿಯವರಲ್ಲ.